ಗುತ್ಯಪ್ಪನ ಗೇರ್‌ಬಾಕ್ಸೂ ನನ್ನ ಕನ್ನಡವೂ

ಹೋದ ತಿಂಗಳು ಶಿರಾಳಕೊಪ್ಪದಲ್ಲಿ ನೆಂಟರ ಮನೆಯ ನಾಮಕರಣಕ್ಕೆ ಹೋಗಿದ್ದೆ. ಊಟಕ್ಕೆ ಇನ್ನೂ ಹೊತ್ತಿತ್ತು. ಮಗುವಿನ ಅಜ್ಜಿ ಎಲ್ಲರಿಗೂ ರೋಸ್ ಮಿಲ್ಕ್ ಹಂಚುತ್ತ ಬಂದು ನನ್ನ ಕೈಗೂ ಒಂದು ಲೋಟ ಇಟ್ಟರು. ನಾನು ಕುಡಿಯುವುದು ಬಿಟ್ಟು ಅದರ ಬಣ್ಣವನ್ನೇ ನೋಡುತ್ತ ಕೂತೆ. ಹಾಲಿಗೆ ಸ್ವಲ್ಪ ಕೆಂಪು ಕಲಸಿ, ಮೇಲೆ ಸಣ್ಣ ನೊರೆ ನಿಂತಿರುವ ಬಣ್ಣ. "ಯಾಕ್ರಿ ಮೇಷ್ಟ್ರೆ, ಸಕ್ಕರೆ ಕಾಯಿಲೆ ಐತೇನು? ಬೇರೆ ತರ್ಲಾ?" ಅಂತ ಆ ಯಜಮಾನತಿ ಕೇಳಿದರು. ಕಾಯಿಲೆ ಏನಿಲ್ಲಮ್ಮ ಅಂದು ಒಂದೇ ಗುಟುಕಿಗೆ ಕುಡಿದೆ. ಕೂಲೆಂಟ್ ಬೆರೆತ ಲಾರಿ ಗೇರ್‌ಬಾಕ್ಸಿನ ಎಣ್ಣೆ ಥೇಟ್ ಇದೇ ಬಣ್ಣಕ್ಕೆ ತಿರುಗುತ್ತದೆ ಅಂತ ನಾಮಕರಣದ ಮನೆಯಲ್ಲಿ ಹೇಳಲಿಕ್ಕೆ ಬರುತ್ತದೆಯೇ?

ಶಿಕಾರಿಪುರದಲ್ಲಿ ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟವನಿಗೂ ಲಾರಿಯ ಗೇರ್‌ಬಾಕ್ಸಿಗೂ ಎಲ್ಲಿಯ ಸಂಬಂಧ ಅಂತ ನಿಮಗೆ ಅನ್ನಿಸಬಹುದು. ಸಂಬಂಧ ಒಂದು ಕಾಂಪೌಂಡ್ ಗೋಡೆಯಷ್ಟು. ನಾನು ಬಾಡಿಗೆಗಿದ್ದ ಮನೆಯ ಪಕ್ಕದಲ್ಲೇ ಗುತ್ಯಪ್ಪನ ಗ್ಯಾರೇಜು. ಗುತ್ಯಪ್ಪ ಸೊರಬ ತಾಲೂಕಿನವನು, ಆನವಟ್ಟಿ ಹತ್ತಿರದ ಒಂದು ಹಳ್ಳಿ. ನನಗಿಂತ ಏಳೆಂಟು ವರ್ಷಕ್ಕೆ ಚಿಕ್ಕವನು. ಲಾರಿಯ ಕೆಳಗೆ ಮಲಗಿಕೊಂಡೇ ಅವನ ಅರ್ಧ ಆಯುಷ್ಯ ಕಳೆದಿತ್ತು ಅಂದರೆ ತಪ್ಪಲ್ಲ. ಅವನ ಗ್ಯಾರೇಜಿನ ಮುಂದೆ, ಹಳೆಯ ಬಸ್ಸಿನ ಸೀಟೊಂದನ್ನು ಕಲ್ಲಿನ ಮೇಲೆ ಕೂರಿಸಿ ಮಾಡಿದ ಒಂದು ಬೆಂಚಿತ್ತು. ದಿನಾ ಶಾಲೆ ಬಿಟ್ಟು ಬಂದವನು ಆ ಬೆಂಚಿನ ಮೇಲೆ ಕೂತು, ಅವನು ತರಿಸಿದ ಚಹಾ ಕುಡಿದು, ಅವನ ಪೇಪರ್ ಓದಿ ಮನೆಗೆ ಹೋಗುತ್ತಿದ್ದೆ. ನನ್ನ ಮನೆಗೂ ಪೇಪರ್ ಬರುತ್ತಿತ್ತು. ಅದೇ ಪೇಪರು. ಆದರೂ ಅವನ ಪೇಪರ್ ಓದುವುದಕ್ಕೆ ಹೋಗುತ್ತಿದ್ದೆ. ಬರೀ ಕೂತು ಮಾತಾಡಲಿಕ್ಕೆ ಬಂದಿದ್ದೇನೆ ಅನ್ನಲು ಮೇಷ್ಟರಾದವನಿಗೆ ಏನೋ ಸಂಕೋಚ.

ಇದು ಹತ್ತು ಹನ್ನೆರಡು ವರ್ಷದ ಹಿಂದಿನ ಮಾತು. ಆಗ ನಮ್ಮೂರಿನ ಬಸವಣ್ಯಪ್ಪ ಎನ್ನುವವರು ಕೆರೆ ಹೂಳು ತೆಗೆಯುವ ಕೆಲಸ ಹಿಡಿದಿದ್ದರು. ಇದ್ದ ಎರಡು ಟಿಪ್ಪರ್ ಸಾಲದೆ, ಬಳ್ಳಾರಿ ಕಡೆ ಗಣಿಯಲ್ಲಿ ಓಡಿದ್ದ ಒಂದು ದೊಡ್ಡ ಟಿಪ್ಪರನ್ನು ಕೊಂಡು ತಂದರು. ಅದರ ವಿಶೇಷವೆಂದರೆ ಕ್ಲಚ್ ಪೆಡಲ್ ಇರಲಿಲ್ಲ. ಗೇರ್ ಬದಲಿಸುವ ಕೋಲೂ ಇರಲಿಲ್ಲ. ಒಂದು ಗುಂಡಿ ಒತ್ತಿ ಆಕ್ಸಲರೇಟರ್ ತುಳಿದರೆ ತನ್ನಷ್ಟಕ್ಕೆ ತಾನೇ ಗೇರ್ ಬದಲಿಸಿಕೊಂಡು ಹೋಗುತ್ತಿತ್ತು. ಅದನ್ನು ನೋಡಲಿಕ್ಕೆ ಜನ ಬಂದರು. ಬಸವಣ್ಯಪ್ಪ ಬಾಗಿಲು ತೆರೆದು, "ಒಳಗ ನೋಡ್ರಿ, ಏನೂ ಇಲ್ಲ" ಅಂತ ಹೆಮ್ಮೆಯಿಂದ ತೋರಿಸುತ್ತಿದ್ದರು. ಇಲ್ಲದ್ದನ್ನು ತೋರಿಸಿ ಹೆಮ್ಮೆಪಟ್ಟವರನ್ನು ನಾನು ನೋಡಿದ್ದು ಅದೇ ಮೊದಲು.

ಅದರ ಡ್ರೈವರ್ ಉಡುತಡಿಯ ರೇವಣಪ್ಪ. ಒಳ್ಳೆಯ ಕೈ. ಆದರೆ ಇಪ್ಪತ್ತು ವರ್ಷ ಕ್ಲಚ್ ತುಳಿದ ಎಡಗಾಲಿಗೆ ಈಗ ಕೆಲಸವೇ ಇಲ್ಲ. ಅದು ಸುಮ್ಮನಿರದೆ ಲಾರಿಯ ನೆಲವನ್ನು ತುಳಿಯುತ್ತಿತ್ತಂತೆ. "ಮನಿಯಾಗೆ ಉಣ್ಣಕ್ಕೆ ಕುಂತಾಗ್ಲೂ ತುಳಿತೀನ್ರಿ. ಹೆಂಡ್ತಿ ಕೇಳ್ತಾಳೆ, ಯಾರಿಗೆ ಒದಿತೀಯ ಅಂತ" ಎಂದು ಬೆಂಚಿನ ಮೇಲೆ ಕೂತು ಹೇಳಿದ್ದ. ಗುತ್ಯಪ್ಪ ಚಹಾ ಲೋಟ ಕೆಳಗಿಟ್ಟು ನಕ್ಕಿದ್ದ.

ಬೇಸಿಗೆ ಏರುತ್ತಿದ್ದಾಗ ಒಂದು ದಿನ ಆ ಟಿಪ್ಪರನ್ನು ಇನ್ನೊಂದು ಲಾರಿಗೆ ಕಟ್ಟಿ ಎಳೆದುಕೊಂಡು ಬಂದು ಗ್ಯಾರೇಜಿನ ಮುಂದೆ ನಿಲ್ಲಿಸಿದರು. ಇಂಜಿನ್ ಕೂಗುತ್ತದೆ, ಗಾಡಿ ಹೋಗುವುದಿಲ್ಲ ಅಂದ ರೇವಣಪ್ಪ. ಗುತ್ಯಪ್ಪ ಎಣ್ಣೆ ನೋಡುವ ಕಡ್ಡಿಯನ್ನು ಎಳೆದು, ನನ್ನ ಕಡೆ ಹಿಡಿದ. ಕೆಂಪಗೆ, ತಿಳಿಯಾಗಿ ಇರಬೇಕಾದ ಎಣ್ಣೆ ಗುಲಾಬಿ ಹಾಲಿನ ಹಾಗೆ ಕಡ್ಡಿಗೆ ಅಂಟಿಕೊಂಡಿತ್ತು.

"ಎಂತದು ಇದು?" ಅಂತ ಕೇಳಿದೆ.

"ಗೇರ್‌ಬಾಕ್ಸಿಗೆ ನೀರು ಇಳಿದದೆ" ಅಂದ.

ವಿವರ ಇಷ್ಟೆ. ಇಂಥ ಗಾಡಿಯ ಗೇರ್‌ಬಾಕ್ಸಿನ ಎಣ್ಣೆ ಬಹಳ ಬಿಸಿಯಾಗುತ್ತದೆ. ಅದನ್ನು ಆರಿಸಲಿಕ್ಕೆ ರೇಡಿಯೇಟರಿನ ಒಳಗೆ ಒಂದು ಕೊಳವೆ ಹಾಯಿಸಿರುತ್ತಾರೆ. ಕೊಳವೆಯ ಒಳಗೆ ಎಣ್ಣೆ, ಹೊರಗೆ ಇಂಜಿನ್ ತಣಿಸುವ, ಕೂಲೆಂಟ್ ಎಂಬ ದ್ರವ ಬೆರೆಸಿದ ನೀರು. ಕೊಳವೆ ಒಂದು ಕೂದಲೆಳೆಯಷ್ಟು ಸೀಳಿದರೂ ಸಾಕು, ಆ ನೀರು ಎಣ್ಣೆಗೆ ಸೇರಿ ಗೇರ್‌ಬಾಕ್ಸಿನ ಒಳಗೆಲ್ಲ ಓಡಾಡಿಬಿಡುತ್ತದೆ. ಗುತ್ಯಪ್ಪನಿಗೆ ಸಾಮಾನ್ಯ ಗೇರ್‌ಬಾಕ್ಸು ತನ್ನ ಅಂಗೈಯ ಹಾಗೆ ಗೊತ್ತು. ಈ ಜಾತಿಯದನ್ನು ಅವನು ಬಿಚ್ಚಿದವನಲ್ಲ. ಹಾಗಂತ ಬಾಯಿಬಿಟ್ಟು ಹೇಳಿದ ಕೂಡ. "ಇದು ನಂಗೆ ಹೊಸದು, ಸಾವ್ಕಾರ್ರೆ. ಹುಬ್ಬಳ್ಳಿಗೆ ಒಯ್ಯಿರಿ" ಅಂದ. ಬಸವಣ್ಯಪ್ಪ ಒಪ್ಪಲಿಲ್ಲ. ಹುಬ್ಬಳ್ಳಿಗೆ ಎಳೆದುಕೊಂಡು ಹೋಗಿ, ಅಲ್ಲಿ ಸರತಿ ಕಾಯುವಷ್ಟರಲ್ಲಿ ಮಳೆ ಹಿಡಿದು ಕೆರೆ ತುಂಬುತ್ತದೆ ಅಂದರು. ಗಾಡಿಯ ಜೊತೆ ಒಂದು ದಪ್ಪ ಪುಸ್ತಕ ಬಂದಿದೆ, ರಿಪೇರಿ ಮಾಡುವುದು ಹೇಗೆ ಅಂತ ಎಲ್ಲ ಅದರಲ್ಲಿ ಬರೆದಿದೆ, ಆದರೆ ಇಂಗ್ಲಿಷು ಅಂದರು.

ಇಂಗ್ಲಿಷು ಎಂಬ ಮಾತು ಕೇಳಿದ್ದೇ ತಡ, ಬೆಂಚಿನ ಮೇಲಿದ್ದ ನಾನು ಪೇಪರ್ ಮಡಿಸಿದೆ. ಯಾರೂ ನನ್ನನ್ನು ಕೇಳಿರಲಿಲ್ಲ. ಇದನ್ನು ನೀವು ಗಮನಿಸಬೇಕು. "ಕೊಡ್ರಿ ಇಲ್ಲಿ. ಬೇಕಾದ ಅಧ್ಯಾಯ ಕನ್ನಡದಾಗೆ ಬರೆದು ಕೊಡ್ತೀನಿ" ಅಂದೆ.

ಇಂಗ್ಲಿಷ್ ಮೇಷ್ಟರಿಗೆ ಒಂದು ಗುಪ್ತ ಕಾಯಿಲೆ ಇರುತ್ತದೆ. ಎಲ್ಲರೂ ತನ್ನನ್ನು ಇಂಗ್ಲಿಷ್ ಮೇಷ್ಟ್ರು ಅನ್ನುತ್ತಾರಲ್ಲ, ತನಗೆ ಕನ್ನಡವೂ ಎಷ್ಟು ಚೆನ್ನಾಗಿ ಬರುತ್ತದೆ ಎಂದು ತೋರಿಸುವ ಚಪಲ. ನನಗೆ ಅದು ಸ್ವಲ್ಪ ಉಲ್ಬಣಿಸಿತ್ತು. ಕೂಲೆಂಟೋ ಧೂಳೋ ಸೇರಿ ಕೆಟ್ಟ ಗೇರ್‌ಬಾಕ್ಸನ್ನು ಏನು ಮಾಡಬೇಕು ಎನ್ನುವ ಆ ಅಧ್ಯಾಯದ ಹೆಸರಿಗೇ ಒಂದು ಸಂಜೆ ಹಿಡಿಯಿತು. ಕಲುಷಿತ ಅನ್ನಲೋ, ಮಲಿನ ಅನ್ನಲೋ, ಅಶುದ್ಧ ಅನ್ನಲೋ? ಹೆಂಡತಿ ಒಳಗಿನಿಂದ "ಮೈಲಿಗೆ ಅಂತ ಬರೀರಿ, ಎಲ್ಲರಿಗೂ ತಿಳಿತದೆ" ಅಂದಳು. ಆಕೆಯ ಮಾತನ್ನು ಬದಿಗೆ ಸರಿಸಿ, ಇನ್ನೂರು ಪುಟದ ಹೊಸ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ದುಂಡಗೆ ಬರೆದೆ: 'ಮಲಿನಗೊಂಡ ಸ್ವಯಂಚಾಲಿತ ಪ್ರಸರಣ ವ್ಯವಸ್ಥೆಯ ಶುದ್ಧೀಕರಣ ಕ್ರಮ.' ಪೆಡಲ್ ಇಲ್ಲದಿದ್ದರೂ ಗೇರ್‌ಬಾಕ್ಸಿನ ಒಳಗೇ ಇರುವ ಕ್ಲಚ್ ಪ್ಲೇಟಿಗೆ 'ಘರ್ಷಣ ಫಲಕ' ಅಂತ ಮಾಡಿದೆ. ರೇಡಿಯೇಟರಿನ ಒಳಗಿನ ಕೊಳವೆಗೆ 'ತೈಲ ಶೀತಕ ನಾಳ.' ಇವನ್ನೆಲ್ಲ ಬರೆಯುವಾಗ ನನಗಾದ ಸಂತೋಷವನ್ನು ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಒಂದು ವಾರ ಬರೆದೆ. ಬರೆಯುತ್ತ ನನಗೆ ಆ ಪುಸ್ತಕದ ಶೈಲಿಯ ಬಗ್ಗೆ ಬಹಳ ಬೇಸರ ಬಂತು. ಹೇಳಿದ್ದನ್ನೇ ಹೇಳುವುದು. ತೊಳೆಯಿರಿ ಎನ್ನುತ್ತದೆ. ಮುಂದಿನ ಪುಟದಲ್ಲಿ ಮತ್ತೆ ತೊಳೆಯಿರಿ ಎನ್ನುತ್ತದೆ. ಮೂರನೇ ಸಲವೂ ಅದೇ ಮಾತಿನಿಂದ ಒಂದು ದೊಡ್ಡ ಪ್ಯಾರಾ ಶುರುವಾಗುತ್ತದೆ. ಮಕ್ಕಳ ಪ್ರಬಂಧದಲ್ಲಿ ಒಂದೇ ಮಾತು ಎರಡು ಸಲ ಬಂದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದವನು ನಾನು. ಆ ಮೂರನೆಯ ಪ್ಯಾರಾದ ಮೊದಲ ಸಾಲು ಓದಿ, ಪುನರುಕ್ತಿ ಅಂತ ತೀರ್ಮಾನಿಸಿ, ಮುಂದಿನ ಪುಟಕ್ಕೆ ಹಾರಿದೆ.

ನೋಟ್‌ಬುಕ್ಕನ್ನು ಗುತ್ಯಪ್ಪನ ಕೈಗೆ ಕೊಡುವ ದಿನ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಹೋಗಿದ್ದೆ. ಗೇರ್‌ಬಾಕ್ಸು ಆಗಲೇ ಬಿಚ್ಚಿ ತಾಡಪತ್ರಿಯ ಮೇಲೆ ಸಾಲಾಗಿ ಹರಡಿತ್ತು. ಅವನು ಚಿಂದಿ ಬಟ್ಟೆಗೆ ಕೈ ಒರೆಸಿಕೊಂಡು ಎರಡು ಪುಟ ತಿರುವಿ, "ಬಾಳ ಚೆನ್ನಾಗಿ ಬರ್ದೀರಿ ಮೇಷ್ಟ್ರೆ. ಅಕ್ಷರ ಮುತ್ತು ಪೋಣಿಸಿದಂಗೆ ಅದೆ" ಅಂದ. ನಾನು ಉಬ್ಬಿದೆ. ಅಕ್ಷರದ ಬಗ್ಗೆ ಹೇಳಿದನೇ ಹೊರತು ಅರ್ಥದ ಬಗ್ಗೆ ಏನೂ ಹೇಳಲಿಲ್ಲ ಎನ್ನುವುದು ಆಗ ಹೊಳೆಯಲೇ ಇಲ್ಲ.

ರೇಡಿಯೇಟರ್ ಹೊಸದು ಬಂತು. ಎಲ್ಲ ತೊಳೆದು, ಒರೆಸಿ, ಹೊಸ ಎಣ್ಣೆ ತುಂಬಿ ಗಾಡಿ ಕೂಡಿಸಿದ. ಸ್ಟಾರ್ಟ್ ಮಾಡಿ ಶಿರಾಳಕೊಪ್ಪದ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದರು. ರೇವಣಪ್ಪ ಕೆಳಗಿಳಿದು, "ಬೆಣ್ಣಿ ಹೋದಂಗ ಹೋಗ್ತೈತಿ" ಅಂದ. ಬಸವಣ್ಯಪ್ಪ ನನಗೂ ಕೈ ಮುಗಿದರು. ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ನಾನು ಒಂದು ಟಿಪ್ಪರ್ ರಿಪೇರಿ ಮಾಡಿದ ವಿಷಯ ತಿಳಿಸಿದೆ.

ಮೂರು ವಾರ ಆಗಿರಲಿಲ್ಲ. ಬಳ್ಳಿಗಾವಿ ಕಡೆಯ ಒಂದು ಕೆರೆಯಲ್ಲಿ ಕೆಲಸ ನಡೆದಿತ್ತು. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ರೇವಣಪ್ಪ ಹೂಳು ತುಂಬಿಕೊಂಡು ಕೆರೆಯ ಒಳಗಿನಿಂದ ಏರಿಯ ಮೇಲಕ್ಕೆ ಹತ್ತಿಸುತ್ತಿದ್ದ. ಅರ್ಧ ಏರಿದ ಮೇಲೆ ಗೇರ್‌ಬಾಕ್ಸು ಹಿಡಿತ ಬಿಟ್ಟಿತು. ಇಂಜಿನ್ ಅರಚಿಕೊಂಡಿತು, ಚಕ್ರ ತಿರುಗಲಿಲ್ಲ. ಗಾಡಿ ಹಿಂದಕ್ಕೆ ಜಾರಿತು. ಬ್ರೇಕ್ ಹಿಡಿದರೂ ಹಸಿ ಹೂಳಿನ ಮೇಲೆ ಟೈರು ನಿಲ್ಲಲಿಲ್ಲ. ಇಳಿಜಾರಿನಲ್ಲಿ ಅಡ್ಡ ತಿರುಗಿ ಪಕ್ಕಕ್ಕೆ ಮಗುಚಿತು. ಕೆಳಗೆ ಯಾರೂ ಇರಲಿಲ್ಲ ಎನ್ನುವುದೊಂದೇ ಪುಣ್ಯ. ರೇವಣಪ್ಪನ ಬಲಗೈ ಬಾಗಿಲಿಗೂ ನೆಲಕ್ಕೂ ನಡುವೆ ಸಿಕ್ಕಿ ಎರಡು ಕಡೆ ಮುರಿಯಿತು. ಶಿವಮೊಗ್ಗದಲ್ಲಿ ರಾಡ್ ಹಾಕಿದರು. ಕೈ ಉಳಿಯಿತು. ಆದರೆ ಮೊಣಕೈ ಪೂರ್ತಿ ಮಡಚಲಿಕ್ಕೆ ಬರಲಿಲ್ಲ. ದೊಡ್ಡ ಗಾಡಿಯ ಸ್ಟೇರಿಂಗು ಅವನಿಗೆ ಅಲ್ಲಿಗೆ ಮುಗಿಯಿತು.

ಮಾರನೆಯ ದಿನ ಬಸವಣ್ಯಪ್ಪ ಗ್ಯಾರೇಜಿಗೆ ಬಂದರು. ಜೊತೆಗೆ ಐದಾರು ಜನ. ನಾನು ಮನೆಯ ಕಿಟಕಿಯ ಹಿಂದೆ ನಿಂತಿದ್ದೆ.

"ಬರಲ್ಲ ಅಂದ ಮ್ಯಾಲೆ ಯಾಕೆ ಕೈ ಹಾಕ್ದಿ? ಒಂದು ಜೀವ ಹೋಗಿದ್ರೆ ಏನು ಮಾಡ್ತಿದ್ದಿ?" ಅಂತ ಅವರು ದನಿ ಎತ್ತಿದರು. ಜೊತೆಗಿದ್ದವರೂ ಒಂದೊಂದು ಮಾತು ಸೇರಿಸಿದರು. ಸೈಕಲ್ ರಿಪೇರಿಗೆ ಲಾಯಕ್ಕು ಅಂತ ಒಬ್ಬ ಅಂದ.

ಗುತ್ಯಪ್ಪ ಎಲ್ಲ ಕೇಳಿಸಿಕೊಂಡ. ಆಮೇಲೆ, "ತಪ್ಪು ನಂದೆ ಸಾವ್ಕಾರ್ರೆ. ಆ ಗಾಡಿ ನಾ ಹೊರಗೆ ಬಿಡಬಾರದಿತ್ತು" ಅಂದ. ಅಷ್ಟೆ. ಒಮ್ಮೆ ತಲೆ ಎತ್ತಿ ನಮ್ಮ ಮನೆಯ ಕಡೆ ನೋಡಿದ. ನಾನು ಕಿಟಕಿಯಿಂದ ಹಿಂದೆ ಸರಿದೆ.

ಇಂಗ್ಲಿಷ್ ಪುಸ್ತಕ ಇನ್ನೂ ನನ್ನ ಮೇಜಿನ ಮೇಲೇ ಇತ್ತು. ಸುಮ್ಮನೆ ಆ ಅಧ್ಯಾಯ ತೆಗೆದೆ. ನಾನು ಹಾರಿಸಿದ ಮೂರನೆಯ ಪ್ಯಾರಾ ಮೊದಲ ಬಾರಿಗೆ ಪೂರ್ತಿ ಓದಿದೆ. ಮೊದಲ ಸಾಲಿನಲ್ಲಿ ತೊಳೆಯಿರಿ ಅಂತ ಇದ್ದದ್ದು ನಿಜ. ಎರಡನೆಯ ಸಾಲು ಬೇರೆ. ಸೇರಿದ್ದು ಕೂಲೆಂಟ್ ಆದರೆ ತೊಳೆದರೆ ಸಾಲದು. ಒಳಗಿನ ಕ್ಲಚ್ ಪ್ಲೇಟುಗಳ ಮೇಲೆ ಕಾಗದದಂಥದೊಂದು ಪದರವನ್ನು ಅಂಟಿಸಿರುತ್ತಾರೆ, ಕೂಲೆಂಟು ಆ ಅಂಟನ್ನೇ ಕರಗಿಸುತ್ತದೆ. ಕಣ್ಣಿಗೆ ಎಷ್ಟೇ ಚೆನ್ನಾಗಿ ಕಂಡರೂ ಅಷ್ಟೂ ಪ್ಲೇಟುಗಳನ್ನು ತೆಗೆದು ಎಸೆದು ಹೊಸದು ಹಾಕಬೇಕು. ಇದನ್ನು ದಪ್ಪಕ್ಷರದಲ್ಲಿ ಬೇರೆ ಅಚ್ಚು ಹಾಕಿದ್ದರು.

ಕೂತಲ್ಲೇ ಕೂತೆ. ಎದ್ದು ಹೋಗಿ, ಗ್ಯಾರೇಜಿನ ಮುಂದೆ ಇನ್ನೂ ನಿಂತಿದ್ದವರ ಎದುರಿಗೆ, ಅವನದಲ್ಲ ನನ್ನ ತಪ್ಪು ಅಂತ ಹೇಳಬೇಕಿತ್ತು. ಐವತ್ತು ಹೆಜ್ಜೆ ದೂರ. ನಾಳೆ ಹೇಳಿದರಾಯಿತು ಅಂದುಕೊಂಡೆ. ನಾಳೆ ಬಂತು, ಶಾಲೆಯಲ್ಲಿ ಪರೀಕ್ಷೆ ಇತ್ತು. ಆಮೇಲೆ ರೇವಣಪ್ಪ ಆಸ್ಪತ್ರೆಯಿಂದ ಬರಲಿ ಅಂದುಕೊಂಡೆ. ಅವನು ಬಂದ. ಮುಂದೆ ಏನು ನೆಪ ಮಾಡಿದೆನೋ ನೆನಪಿಲ್ಲ.

ಬೆಂಚಿಗೆ ಹೋಗುವುದು ನಿಂತಿತು. ಮೊದಲೆರಡು ದಿನ ಗುತ್ಯಪ್ಪ ನನ್ನನ್ನು ಕಂಡು "ಚಹಾ ಹೇಳ್ಲಾ ಮೇಷ್ಟ್ರೆ?" ಅಂದ. ಕೆಲಸ ಇದೆ ಅಂದೆ. ಮೂರನೆಯ ದಿನದಿಂದ ಶಾಲೆಗೆ ಹಿಂದಿನ ಓಣಿಯಿಂದ ಹೋಗತೊಡಗಿದೆ. ಆ ಓಣಿಯಲ್ಲಿ ಎರಡು ನಾಯಿಗಳಿದ್ದವು. ದಿನಾ ಬೊಗಳಿಸಿಕೊಂಡು ಹೋಗುತ್ತಿದ್ದೆ. ಸುತ್ತು ಹಾಕಿ ನಡೆಯುವುದು ಆರೋಗ್ಯಕ್ಕೆ ಒಳ್ಳೆಯದು ಅಂತ ಹೆಂಡತಿಗೆ ಹೇಳಿದ್ದೆ.

ಗ್ಯಾರೇಜಿಗೆ ಲಾರಿ ಬರುವುದು ಕಡಿಮೆಯಾಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಗುತ್ಯಪ್ಪ ಬಾಗಿಲು ಹಾಕಿ ಊರಿಗೆ ಹೊರಟ. ಸಾಮಾನೆಲ್ಲ ಗಾಡಿಗೆ ಏರಿಸಿ, ಹೇಳಿ ಹೋಗಲಿಕ್ಕೆ ನಮ್ಮ ಮನೆಗೆ ಬಂದ. ಗೇಟಿನ ಸದ್ದು ಕೇಳಿ ಕಿಟಕಿಯಲ್ಲಿ ನೋಡಿದೆ. ಬಿಳಿ ಅಂಗಿ ಹಾಕಿದ್ದ. ಅವನು ಬಿಳಿ ಅಂಗಿ ಹಾಕಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ. "ಸ್ನಾನಕ್ಕೆ ಹೋಗಿದಾರೆ ಅನ್ನು" ಅಂತ ಹೆಂಡತಿಗೆ ಹೇಳಿದೆ. ಆಕೆ ನನ್ನ ಮುಖ ನೋಡಿದಳು. ಆಕೆಯ ಕೈಲಿ ಸುಳ್ಳು ಹೇಳಿಸುವುದು ತಪ್ಪು ಎಂದು ಅನ್ನಿಸಿತೋ ಏನೋ, ನಿಜವಾಗಿ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ನಿಂತೆ. ಬೆಳಿಗ್ಗೆ ಒಮ್ಮೆ ಸ್ನಾನ ಮಾಡಿದ್ದವನು ಮತ್ತೊಮ್ಮೆ ಮಾಡಿದೆ. ಬಕೀಟು ತುಂಬುವ ಸದ್ದಿನ ಆಚೆಗೆ ಅವನ ದನಿ ಕೇಳಿಸುತ್ತಿತ್ತು. "ಇರಲಿ ಅಕ್ಕ, ಹೇಳಿಬಿಡ್ರಿ" ಅನ್ನುತ್ತಿದ್ದ. ನಾನು ನಲ್ಲಿಯನ್ನು ಇನ್ನಷ್ಟು ತಿರುಗಿಸಿದೆ.

ಆಮೇಲೆ ವರ್ಷಗಳು ಕಳೆದವು. ನಾನು ರಿಟೈರಾದೆ. ಬೀಳ್ಕೊಡುಗೆಯ ದಿನ ಒಬ್ಬರು ನನ್ನನ್ನು ಸತ್ಯನಿಷ್ಠರು ಅಂತ ಹೊಗಳಿದರು. ಗುತ್ಯಪ್ಪ ಆನವಟ್ಟಿಯಲ್ಲಿ ಪವರ್ ಟಿಲ್ಲರು, ಪಂಪ್‌ಸೆಟ್ಟು ರಿಪೇರಿ ಮಾಡುತ್ತಾನೆಂದು, ದೊಡ್ಡ ಗಾಡಿ ಮುಟ್ಟುವುದಿಲ್ಲವೆಂದು ಯಾರೋ ಅಂದಿದ್ದರು. ಆನವಟ್ಟಿ ಬಸ್ಸು ಕಂಡಾಗೆಲ್ಲ ಒಂದು ಕ್ಷಣ ಹಾಗೇ ನಿಲ್ಲುತ್ತಿದ್ದೆ. ಆಮೇಲೆ ಮನೆಗೆ ಹೋಗುತ್ತಿದ್ದೆ.

ನಾಮಕರಣದ ಮಾರನೆಯ ದಿನ ಆ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಏನು ಹೇಳಬೇಕೆಂದು ವಾಕ್ಯ ಜೋಡಿಸುತ್ತ ಹೋದೆ. ಎರಡು ವಾಕ್ಯ ಬಹಳ ಚೆನ್ನಾಗಿ ಬಂದಿದ್ದವು.

ಗುತ್ಯಪ್ಪನ ಶೆಡ್ಡು ಹುಡುಕುವುದು ಕಷ್ಟವಾಗಲಿಲ್ಲ. ತಲೆ ಬೆಳ್ಳಗಾಗಿತ್ತು. ಟಿಲ್ಲರೊಂದರ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದವನು ನನ್ನನ್ನು ನೋಡಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡು ನೋಡಿದ. "ಮೇಷ್ಟ್ರು" ಅಂದ. ಎದ್ದು, ಕುರ್ಚಿಯ ಮೇಲಿದ್ದ ಬೆಲ್ಟುಗಳನ್ನೆಲ್ಲ ತೆಗೆದು, ಅದನ್ನು ಒರೆಸಿ ನನಗೆ ಕೊಟ್ಟ. ಅವನ ಹೆಂಡತಿ ಹಿಂದಿನ ಮನೆಯಿಂದ ನೀರು ತಂದಿಟ್ಟು ಹೋದರು. ನಾನು ಜೋಡಿಸಿಕೊಂಡು ಬಂದಿದ್ದ ವಾಕ್ಯಗಳು ಯಾವುವೂ ನೆನಪಾಗಲಿಲ್ಲ.

"ಆ ಟಿಪ್ಪರ್ ಬಿದ್ದದ್ದು ನನ್ನಿಂದ, ಗುತ್ಯಪ್ಪ" ಅಂದೆ. "ಪ್ಲೇಟೆಲ್ಲ ಹೊಸದು ಹಾಕಬೇಕು ಅಂತ ಆ ಪುಸ್ತಕದಾಗೆ ಇತ್ತು. ನಾನು ಬರೀಲಿಲ್ಲ. ಆ ಪ್ಯಾರಾ ಬಿಟ್ಟುಬಿಟ್ಟೆ. ನೀನು ನಾನು ಬರೆದದ್ದು ನಂಬಿ ಕೆಟ್ಟೆ."

ಅವನು ಎದ್ದು ಮೂಲೆಯ ತಗಡಿನ ಪೆಟ್ಟಿಗೆ ತೆಗೆದು, ಒಂದು ನೋಟ್‌ಬುಕ್ ತಂದು ನನ್ನ ತೊಡೆಯ ಮೇಲಿಟ್ಟ. ನನ್ನ ನೋಟ್‌ಬುಕ್ಕು. ತೆರೆದೆ. ಮೊದಲ ಎರಡು ಪುಟಗಳ ಅಂಚಿನಲ್ಲಿ ಗ್ರೀಸಿನ ಹೆಬ್ಬೆರಳ ಗುರುತು ಕಪ್ಪಗೆ ಎದ್ದು ಕಾಣುತ್ತಿತ್ತು. ಮೂರನೆಯ ಪುಟದಿಂದ ಆಚೆ ಒಂದು ಗುರುತೂ ಇರಲಿಲ್ಲ. ನಾನು ಕೊಟ್ಟ ದಿನ ಎಷ್ಟು ಬೆಳ್ಳಗಿತ್ತೋ ಅಷ್ಟೇ ಬೆಳ್ಳಗಿತ್ತು.

"ಓದಿದ್ರೆ ತಾನೆ ಕೆಡೋದು" ಅಂದ ಗುತ್ಯಪ್ಪ. "ನಿಮ್ಮ ಕನ್ನಡ ನಂಗೆ ತಿಳೀಲಿಲ್ಲ ಮೇಷ್ಟ್ರೆ. ಘರ್ಷಣ ಅಂತ ಎಂತದೋ ಇತ್ತು. ಎರಡು ಪುಟ ಓದೋದ್ರೊಳಗೆ ತಲೆನೋವು ಬಂತು. ನಿಮಗೆ ಬೇಜಾರಾಗ್ತದೆ ಅಂತ ಚೆನ್ನಾಗದೆ ಅಂದೆ."

ಹತ್ತು ಹನ್ನೆರಡು ವರ್ಷದಿಂದ ಹೊತ್ತುಕೊಂಡು ತಿರುಗಿದ್ದ ಪಾಪ ಹೀಗೆ ಒಂದು ನಿಮಿಷದಲ್ಲಿ ಇಳಿದುಹೋದರೆ ಹಗುರಾಗಬೇಕಲ್ಲ? ನಿಮ್ಮಲ್ಲಿ ಸುಳ್ಳು ಹೇಳಲಾರೆ, ಮೊದಲು ನನಗೆ ಅವಮಾನವೇ ಆಯಿತು.

"ಮತ್ತೆ ಹಳೇ ಪ್ಲೇಟು ಯಾಕೆ ಹಾಕಿದೆ?"

"ಅದು ಕೆಟ್ಟದೆ ಅಂತ ನಂಗೆ ಗೊತ್ತಿತ್ತು" ಅಂದ. "ಬಿಚ್ಚಿದ ದಿನವೇ ಒಂದು ಪ್ಲೇಟನ್ನ ಉಗುರಲ್ಲಿ ಕೆರೆದು ನೋಡಿದ್ದೆ. ಬಾಟ್ಲಿ ಮೇಲಿನ ಚೀಟಿ ನೀರಲ್ಲಿ ನೆನೆದು ಏಳ್ತದಲ್ಲ, ಹಂಗೆ ಮೇಲಿನ ಪದರ ಎದ್ದುಬಂತು. ಅದನ್ನ ತಿಳಿಯಕ್ಕೆ ಪುಸ್ತಕ ಯಾಕೆ ಬೇಕು? ಸಾವ್ಕಾರ್ರಿಗೂ ಹೇಳ್ದೆ. ಹೊಸದು ಬರಕ್ಕೆ ತಿಂಗಳಾಗ್ತದೆ ಅಂತ ಗೊತ್ತಾತು. ಕೆರೆ ಮುಗೀಲಿ, ಸದ್ಯಕ್ಕೆ ಇದನ್ನೇ ಹಾಕು, ಆಮೇಲೆ ನೋಡಾಣ ಅಂದ್ರು. ಹಾಕ್ದೆ."

"ಅವರೇ ಹೇಳಿದ್ದು ಅಂತ ಆವತ್ತು ಯಾಕೆ ಅನ್ನಲಿಲ್ಲ?"

"ಹೇಳಿದ್ದು ಅವರೇ. ಸ್ಪ್ಯಾನರ್ ಹಿಡಿದಿದ್ದು ನಾನಲ್ಲವಾ? ಆಗಲ್ಲ ಅಂದಿದ್ರೆ ಗಾಡಿ ಅಲ್ಲೇ ನಿಂತಿರ್ತಿತ್ತು." ಕೈಯ ಗ್ರೀಸನ್ನು ಚಿಂದಿಗೆ ಒರೆಸಿಕೊಂಡ. "ರೇವಣಪ್ಪಂಗೆ ಆಸ್ಪತ್ರೆಯಲ್ಲೇ ಹೇಳ್ದೆ, ಹಿಂಗಿಂಗೆ ಅಂತ. ಒಂದು ವರ್ಷ ಮಾತಾಡ್ಲಿಲ್ಲ. ಆಮೇಲೆ ಅವನೇ ಫೋನ್ ಮಾಡಿದ. ಈಗ ಉಡುತಡಿಯಲ್ಲಿ ಕುರಿ ಮಾಡಿದಾನೆ. ನಲವತ್ತು ಐವತ್ತು ಅವೆ. ಹೋಗಿ ಬಂದು ಮಾಡ್ತೀನಿ."

ಅಂದರೆ ಹೇಳಬೇಕಾದವರಿಗೆ ಅವನು ಅದೇ ವಾರ ಹೇಳಿ ಮುಗಿಸಿದ್ದ. ನಾನು ಹಿಂದಿನ ಓಣಿಯಲ್ಲಿ ನಾಯಿಗಳ ಜೊತೆ ಓಡಾಡುತ್ತಿದ್ದೆ.

"ಹಂಗಾದ್ರೆ ನನ್ನ ತಪ್ಪು ಏನೂ ಇಲ್ಲ" ಅಂದೆ. ಹೇಳಿದ ಮೇಲೆ, ಹೇಳಬಾರದಿತ್ತು ಅನ್ನಿಸಿತು.

ಗುತ್ಯಪ್ಪ ಟಿಲ್ಲರಿನ ನಟ್ಟೊಂದನ್ನು ಬೆರಳಲ್ಲಿ ತಿರುಗಿಸುತ್ತಿದ್ದ. "ಪುಸ್ತಕದ್ದು ಏನಿಲ್ಲ ಬಿಡ್ರಿ" ಅಂದ. "ಊರವರು ಬೈದ್ರು. ಬೈಲಿ, ಬೈಯೋ ಅಂಥದೇ ಮಾಡಿದ್ದೆ. ಲಾರಿ ಬರೋದು ಕಡಿಮೆ ಆತು, ಅದೂ ತಡಕೊಳ್ತಿದ್ದೆ. ನೀವು ಬೆಂಚಿಗೆ ಬರೋದು ಬಿಟ್ರಲ್ಲ, ಅದೇ ಆಗ್ಲಿಲ್ಲ ನಂಗೆ. ಆ ಇಂಗ್ಲಿಷ್ ಪುಸ್ತಕ ಪೂರ್ತಿ ಓದಿದವರು ಊರಲ್ಲಿ ನೀವೊಬ್ರೆ. ಹಳೇ ಪ್ಲೇಟು ಹಾಕಬಾರದು ಅಂತ ಇವರಿಗೆ ಗೊತ್ತದೆ, ಗುತ್ಯಪ್ಪ ಗೊತ್ತಿದ್ದೂ ಹಾಕ್ದ ಅಂತ ನನ್ನ ಮುಖ ನೋಡ್ತಿಲ್ಲ ಅಂದ್ಕೊಂಡೆ. ಹೋಗೋ ದಿನ ಎಲ್ಲ ಹೇಳಿ ಹೋಗಾಣ ಅಂತ ಬಂದೆ. ನೀವು ಬಚ್ಚಲಲ್ಲಿದ್ರಿ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತಿದ್ದ. ನಾನು ನೋಟ್‌ಬುಕ್ಕಿನ ಬಿಳಿ ಹಾಳೆಗಳನ್ನು ತಿರುವುತ್ತ ಕೂತೆ. ನಾನು ಮುಖ ತಪ್ಪಿಸಿದ್ದು ತಿರಸ್ಕಾರದಿಂದ ಎಂದು ಅವನು ತಿಳಿದಿದ್ದ. ನಾನು ಅವನ ಮುಖ ನೋಡಲು ಹೆದರಿದ್ದೆ. ನಡುವೆ ಒಂದು ಕಾಂಪೌಂಡ್ ಗೋಡೆ. ಒಂದು ಚಹಾ ಕುಡಿಯುವಷ್ಟು ಹೊತ್ತು ಆ ಬೆಂಚಿನ ಮೇಲೆ ಕೂತಿದ್ದರೆ ಇಬ್ಬರಿಗೂ ತಿಳಿದುಹೋಗುತ್ತಿತ್ತು.

"ನಾನು ಸ್ನಾನ ಮಾಡ್ತಿರಲಿಲ್ಲ" ಅಂದೆ. ಆಮೇಲೆ, "ಮಾಡ್ದೆ. ಆದರೆ ನೀನು ಬಂದೆ ಅಂತ ಮಾಡ್ದೆ" ಅಂದೆ.

ಅವನಿಗೆ ಅರ್ಥವಾಗಲಿಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಗಲಿಲ್ಲ. ನಾನು ನಗುತ್ತಾನೆ ಅಂದುಕೊಂಡಿದ್ದೆ. "ನಂಗೂ ಹಂಗೇ ಅನ್ನಿಸಿತ್ತು" ಅಂದು ಎದ್ದು, ಒಳಗೆ ಹೋಗಿ ಊಟಕ್ಕೆ ಹಾಕಲು ಹೇಳಿ ಬಂದ. ರೊಟ್ಟಿ, ಬದನೆಕಾಯಿ ಪಲ್ಯ, ಮಜ್ಜಿಗೆ. ಮೂರು ಗಂಟೆಯ ಬಸ್ಸಿಗೆ ಬಿಡಲು ಬಂದವನು, ಬಸ್ಸು ಹೊರಡುವವರೆಗೂ ಕಿಟಕಿಯ ಕೆಳಗೆ ನಿಂತಿದ್ದ. ಮತ್ತೆ ಬರ್ರಿ ಅಂತ ಹೇಳಲಿಲ್ಲ. ನಾನು ಬರುತ್ತೇನೆ ಅಂದೆ. ಅವನು ತಲೆಯಾಡಿಸಿದ.

ಆಮೇಲೆ ಎರಡು ಸಲ ಹೋಗಿ ಬಂದೆ. ಮೊದಲ ಸಲ ಅವನಿಗೆ ಕೈ ತುಂಬ ಕೆಲಸ, ನಾನು ಕೂತಿದ್ದು ಎದ್ದು ಬಂದೆ. ಮೊನ್ನೆ ಹೋದಾಗ ಅವನು ಊರಲ್ಲೇ ಇರಲಿಲ್ಲ. ಯಾವುದೋ ಸಾಮಾನು ತರಲು ಸೊರಬಕ್ಕೆ ಹೋಗಿದ್ದನಂತೆ. ಅವನ ಹೆಂಡತಿ ಹೊರಗೆ ಬಂದು, "ಅವರು ಬರೋದು ಸಂಜೆ ಆಗ್ತದೆ. ಏನಾದ್ರೂ ಕೆಲಸ ಇತ್ತಾ ಮೇಷ್ಟ್ರೆ?" ಅಂತ ಕೇಳಿದರು.

ಹಳೆಯ ರೂಢಿ, ಬಾಯಿ ಒಂದು ನೆಪ ಹುಡುಕಲು ಹೊರಟಿತು. ಸಂತೆಗೆ ಬಂದಿದ್ದೆ ಅನ್ನಬಹುದಿತ್ತು. ಯಾರದೋ ಮನೆಗೆ ಬಂದವನು ಹಾಗೇ ಇತ್ತ ಬಂದೆ ಅನ್ನಬಹುದಿತ್ತು.

"ಕೆಲಸ ಏನಿಲ್ಲಮ್ಮ" ಅಂದೆ. "ಮಾತಾಡಿಸಿಕೊಂಡು ಹೋಗೋಣ ಅಂತ ಬಂದೆ."

ಅವರು ಕುರ್ಚಿ ತಂದು ಹಾಕಿದರು. ನಾನು ಸಂಜೆಯವರೆಗೂ ಕೂತೆ.